ಗೆರೆಯಲ್ಲೊಂದು ಮುಳ್ಳು

ಪರದೆಯ ಮೇಲೆ ಆ ಮುಳ್ಳು ಮತ್ತೆ ಎದ್ದಿತು.

ಸಂಶೋಧಕಿ ಕುರ್ಚಿ ಹಿಂದಕ್ಕೆ ತಳ್ಳಿದಳು. "ಪದರಪ್ಪಾ, ಇದೂ ಕೆಟ್ಟಿದೆ. ಬಾ ಇಲ್ಲಿ."

ಸಹೋದ್ಯೋಗಿಗೆ ಆ ಹೆಸರು ಬಂದದ್ದು ಅವನ ಕೆಲಸದಿಂದ. ಕೋಬಾಲ್ಟ್, ಅದರ ಮೇಲೆ ಕೆಲವೇ ಪರಮಾಣುಗಳಷ್ಟು ದಪ್ಪದ ತಾಮ್ರ, ಮತ್ತೆ ಕೋಬಾಲ್ಟ್. ತಾಮ್ರದ ದಪ್ಪ ಹದವಾಗಿದ್ದರೆ ಆಚೀಚಿನ ಎರಡು ಕಾಂತಪದರಗಳು ಮುನಿಸಿಕೊಂಡವರಂತೆ ವಿರುದ್ಧ ದಿಕ್ಕಿಗೆ ಮುಖ ಮಾಡುತ್ತವೆ. ಹತ್ತಿರದಲ್ಲಿ ಹೃದಯ ಬಡಿದರೆ ಅದರ ಕ್ಷೀಣ ಕಾಂತಶಕ್ತಿಗೂ ಮಿಸುಕುತ್ತವೆ. ಆ ಮಿಸುಕಾಟವೇ ಪರದೆಯ ಗೆರೆ. ಮೈಮುಟ್ಟದೆ ಎದೆಬಡಿತ ಓದುವ ಸಾಧನವೊಂದನ್ನು ಇಬ್ಬರೂ ಸೇರಿ ಕಟ್ಟುತ್ತಿದ್ದರು.

ಆದರೆ ಅವನು ಮಾಡಿದ ಪ್ರತಿ ಪದರದಲ್ಲೂ ಅದೇ ಗೋಳು. ಆಗೊಮ್ಮೆ ಈಗೊಮ್ಮೆ, ಎರಡು ಬಡಿತಗಳ ನಡುವೆ, ಇರಬಾರದ ಜಾಗದಲ್ಲಿ ಮುಳ್ಳಿನಂಥದ್ದೊಂದು ಗೀರು.

"ತಾಮ್ರ ಎಲ್ಲೋ ತೂತಾಗಿದೆ," ಎಂದಳು.

"ಅಳೆದೂ ಅಳೆದೂ ಸಾಕಾಯ್ತು ಅಕ್ಕಾ. ಪದರ ಸರಿಯಾಗೇ ಇದೆ."

"ಹಾಗಾದ್ರೆ ಸುಳ್ಳು ಹೇಳ್ತಿರೋದು ನಾನಾ?"

ಹೊರಗಿನ ಕಾಂತಶಕ್ತಿ ಒಳನುಗ್ಗದಂತೆ ಕಟ್ಟಿದ್ದ ದಪ್ಪ ಲೋಹದ ಕೋಣೆಯೊಳಗಿಂದ ಅವಳ ಗಂಡನ ದನಿ ಬಂತು. "ಜಗಳ ಮುಗೀತಾ? ಏಳ್ಲಾ?"

ಒಂದು ಪದರಕ್ಕೂ ಇನ್ನೊಂದಕ್ಕೂ ಹೋಲಿಕೆ ತಪ್ಪಬಾರದೆಂದು ಪ್ರತಿಸಲವೂ ಸಾಧನದ ಕೆಳಗೆ ಮಲಗುತ್ತಿದ್ದವನು ಅವನೇ. ಈಜು ಕಲಿಸುವ ಮೇಷ್ಟ್ರು, ಕಬ್ಬಿಣದಂಥ ಆಳು. ಶೀತ ನೆಗಡಿಯೆಂದೂ ಹಾಸಿಗೆ ಹಿಡಿದವನಲ್ಲ.

"ಎದೆಯಲ್ಲಿ ನೀನೊಬ್ಬಳೇ ಇರೋದು ಕಣೇ. ಎಷ್ಟು ಹುಡುಕಿದ್ರೂ ಬೇರೆ ಏನೂ ಸಿಗಲ್ಲ," ಎಂದು ನಗುತ್ತ ಅಂಗಿಯ ಗುಂಡಿ ಹಾಕಿಕೊಂಡ.

ಅವಳಿಗೆ ನಗು ಬರಲಿಲ್ಲ. ಮರುದಿನ ನಿರ್ದೇಶಕರ ಬಳಿ ಹೋಗಿ ಕಡ್ಡಿ ಮುರಿದಂತೆ ಹೇಳಿದಳು: "ಅವನ ಕೈಯಲ್ಲಿ ಇದು ಆಗಲ್ಲ."

ಪದರಪ್ಪ ಮೇಜು ಖಾಲಿ ಮಾಡಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಹೊಸ ಪದರವನ್ನು ಅವಳೇ ಹಾಕಿದಳು. ಪರೀಕ್ಷೆಯ ದಿನ ಗಂಡ ಕೈಕೊಟ್ಟ. "ಇವತ್ತು ಸ್ಪರ್ಧೆ ಇದೆ. ಮಕ್ಕಳ ಜೊತೆ ನಾನೂ ನೀರಿಗಿಳೀತೀನಿ. ಬೇರೆ ಯಾರನ್ನಾದ್ರೂ ಮಲಗಿಸ್ಕೋ."

ನಿರ್ದೇಶಕರು ಬಂದು ಕೂತಿದ್ದರು. ಬೇರೆ ದಾರಿ ಕಾಣದೆ ವಿಭಾಗದ ಎಂಜಿನಿಯರ್ ಹುಡುಗಿಯನ್ನು ಮಲಗಿಸಿದಳು.

ಗೆರೆ ಮೂಡಿತು. ಏರಿತು, ಇಳಿಯಿತು, ಮತ್ತೆ ಏರಿತು. ಮುಳ್ಳಿನ ಸುಳಿವೇ ಇಲ್ಲ.

"ಗೆದ್ದೆ ಕಣಮ್ಮ," ಎಂದರು ನಿರ್ದೇಶಕರು.

ಅವಳ ಕಣ್ಣು ತುಂಬಿತು. ಮೊದಲು ಗಂಡನಿಗೆ ಫೋನ್ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ನೀರಲ್ಲಿರಬೇಕು ಅಂದುಕೊಂಡಳು.

"ಹಳೇದಕ್ಕೂ ಇದಕ್ಕೂ ಇರೋ ಅಂತರ ನೀವೇ ನೋಡಿ ಸರ್," ಎಂದು ಪದರಪ್ಪನ ಕೊನೆಯ ಪದರವನ್ನು ಸಾಧನಕ್ಕೆ ಕೂರಿಸಿದಳು. ಎಂಜಿನಿಯರ್ ಇನ್ನೂ ಮಲಗಿಯೇ ಇದ್ದಳು.

ಗೆರೆ ಏರಿತು, ಇಳಿಯಿತು. ಅಷ್ಟೇ ನಯವಾಗಿ. ಅವಳು ಕಾದಳು. ಎಷ್ಟು ಕಾದರೂ ಮುಳ್ಳು ಏಳಲಿಲ್ಲ.

ನಿರ್ದೇಶಕರು ಹುಬ್ಬು ಗಂಟಿಕ್ಕಿದರು. "ಇದು ಅವನ ಪದರ ತಾನೆ? ಸರಿಯಾಗೇ ಇದೆಯಲ್ಲಮ್ಮ. ಹಾಗಾದ್ರೆ ಇಷ್ಟು ದಿನ ಕೆಟ್ಟಿದ್ದು ಯಾವುದು?"

ಅವಳು ಲೋಹದ ಕೋಣೆಯತ್ತ ತಿರುಗಿದಳು. ಇಂದು ಬದಲಾಗಿದ್ದು ಪದರವಲ್ಲ, ಅದರ ಕೆಳಗಿನ ಹೃದಯ.

ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಗಂಡನ ನಂಬರು, ಮಾತಾಡಿದ ದನಿ ಮಾತ್ರ ಬೇರೆ ಯಾರದೋ.