ತಂಗಿಯ ಸರದಿ

ಪ್ರಭುಭೋಜನದ ರೊಟ್ಟಿಯ ತಟ್ಟೆ ಬೆಂಚಿನ ಕೊನೆಯಲ್ಲಿದ್ದ ಅಕ್ಕನ ಕೈಗೆ ಬರುವಷ್ಟರಲ್ಲಿ ಪಾಸ್ಟರು ವೇದಿಕೆ ಇಳಿದರು. ಅವಳಿಗೆ ಹೊಟ್ಟೆ ಉರಿಯಿತು. ಆ ಚರ್ಚಿನಲ್ಲಿ ಎಲ್ಲರೂ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಪಕ್ಕದವರಿಗೆ "ತಗೊಳ್ಳಿ, ಇದು ನಿಮಗೆ" ಅನ್ನಬೇಕು. ಅಕ್ಕನ ಪಕ್ಕ ನಡುದಾರಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತ ತಂಗಿಗೆ ಮಾತ್ರ ಪಾಸ್ಟರೇ ಬಂದು, ತಲೆಯ ಮೇಲೆ ಕೈಯಿಟ್ಟು ಕೊಡುತ್ತಿದ್ದರು.

ವಾರವಿಡೀ ಊರವರ ಬಟ್ಟೆ ಹೊಲಿದು, ಭಾನುವಾರ ಆ ಕುರ್ಚಿಯನ್ನು ಏದುಸಿರು ಬಿಡುತ್ತ ದಿಬ್ಬ ಹತ್ತಿಸುವವಳು ಅಕ್ಕ. ಇಪ್ಪತ್ತು ವರ್ಷದಲ್ಲಿ ಅವಳ ತಲೆಯ ಮೇಲೆ ಯಾರ ಕೈಯೂ ಬಿದ್ದದ್ದಿಲ್ಲ. "ಮಹಾರಾಣಿಗೆ ಕೂತಲ್ಲಿಗೇ ಬರತ್ತೆ" ಎಂದು ಗೊಣಗುತ್ತ, ಎಂದಿನಂತೆ ತಟ್ಟೆಯನ್ನು ಹಿಂದಿನ ಬೆಂಚಿಗೆ ತಿರುಗಿಸಿದಳು.

ತಂಗಿ ಅವಳ ಮೊಣಕೈ ಹಿಡಿದಳು. "ಪಾಸ್ಟರ್, ಇವತ್ತು ನಾನು ಅಕ್ಕನ ಕೈಯಿಂದ ತಗೋತೀನಿ."

"ಯಾಕೆ, ಅವರ ಕೈ ಸಾಕಾಯ್ತಾ?" ಅಕ್ಕ ಸಿಡುಕಿದಳು.

"ಹೊಟ್ಟೆಕಿಚ್ಚು ಕಣಕ್ಕಾ, ನಿನ್ನ ಮೇಲೆ. ಪ್ರತಿ ಸಲ ತಟ್ಟೆ ನಿನ್ನವರೆಗೂ ಬಂದು ಹಿಂದಕ್ಕೆ ಹೋಗಿಬಿಡತ್ತೆ. ಇಷ್ಟು ವರ್ಷ ಬರೀ ಇಸ್ಕೊಂಡಿದ್ದೇ ಆಯ್ತು. ನಾನು ಯಾರಿಗೂ ಕೊಟ್ಟೇ ಇಲ್ಲ."

ಅಕ್ಕ ತಟ್ಟೆ ಚಾಚಿದಳು. ತಂಗಿ ಒಂದು ತುಂಡು ಮುರಿದುಕೊಂಡು, ತಬ್ಬಿಬ್ಬಾಗಿ ನಿಂತಿದ್ದ ಪಾಸ್ಟರ ಮುಂದೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ತಗೊಳ್ಳಿ, ಇದು ನಿಮಗೆ."

ಪಾಸ್ಟರು ಕುರ್ಚಿಯೆತ್ತರಕ್ಕೆ ಬಗ್ಗಿ ತೆಗೆದುಕೊಂಡರು. ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ತಂಗಿಯ ಮೇಲಲ್ಲ, ಅವಳ ಕೈಯಿಂದ ಮೊದಲು ಇಸಿದುಕೊಂಡ ಪಾಸ್ಟರ ಮೇಲೆ.