ವಾಲಿದ ಮಹಾಸಭೆ

ಲೋಕದ ಮಹಾಸಭೆ ನಡೆಯುತ್ತಿದ್ದುದು ಸಮುದ್ರದ ಮೇಲೆ ತೇಲುವ ಭಾರೀ ತೆಪ್ಪದಲ್ಲಿ. ನಿರ್ಣಯ ಬೇಕೆನ್ನುವವರು ಎಡಕ್ಕೆ, ಬೇಡವೆನ್ನುವವರು ಬಲಕ್ಕೆ ಹೋಗಿ ನಿಲ್ಲಬೇಕು. ತೆಪ್ಪ ವಾಲಿದ ಕಡೆಗೆ ಗೆಲುವು. ದೊಡ್ಡ ದೇಶ ಯಾವಾಗಲೂ ಬಲಕ್ಕೆ ನಿಲ್ಲುತ್ತಿತ್ತು, ಹೆದರಿದವರೆಲ್ಲ ಅದರ ಬೆನ್ನಿಗೆ. ಹಾಗಾಗಿ ಮತದ ದಿನ ಅಡುಗೆಯ ಜಲಜಾಕ್ಷಿ ಪಾತ್ರೆಗಳು ಬಲಕ್ಕೆ ಜಾರದಂತೆ ಮಾತ್ರ ಹಗ್ಗ ಬಿಗಿಯುತ್ತಿದ್ದಳು.

ಅಂದಿನ ನಿರ್ಣಯ, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಎಂದು. ಮೀನು ಹಿಡಿಯಲು ಹೋಗಿ ಸಿಕ್ಕಿಬಿದ್ದ ಅವಳ ತಮ್ಮ ವಿಚಾರಣೆಯೇ ಇಲ್ಲದೆ ವರ್ಷಗಳಿಂದ ದೊಡ್ಡ ದೇಶದ ಜೈಲಿನಲ್ಲಿದ್ದ. ಆಸೆ ಇಟ್ಟುಕೊಳ್ಳದೆ ಎಂದಿನಂತೆಯೇ ಹಗ್ಗ ಕಟ್ಟಿದಳು.

ಗಂಟೆ ಹೊಡೆಯಿತು. ಸಾಂಬಾರಿನ ಹಂಡೆ ಅಲುಗಿ, ಮೆಲ್ಲನೆ ಎಡಕ್ಕೆ ಜಾರಿ, ದಬಾರನೆ ಉರುಳಿತು.

"ಅಯ್ಯೋ ಜಲಜಕ್ಕ, ಸಾಂಬಾರೆಲ್ಲ ಹೋಯ್ತು!" ಜೊತೆಗಾತಿ ಲೂಸಿ ಕೂಗಿದಳು.

"ಹೋಗ್ಲಿ ಮಾರಾಯ್ತಿ, ಎಡಕ್ಕೆ ಹೋಯ್ತಲ್ಲ!" ಜಲಜಾಕ್ಷಿ ಅಳುತ್ತಲೇ ನಕ್ಕಳು.

ಕಿಟಕಿಯಲ್ಲಿ ಇಣುಕಿದರೆ ಲೋಕವೆಲ್ಲ ಎಡಕ್ಕೆ ಒತ್ತೊತ್ತಾಗಿ ನಿಂತಿತ್ತು. ಆಕಾಶಕ್ಕೆದ್ದ ಬಲದಂಚಿನಲ್ಲಿ ದೊಡ್ಡ ದೇಶದ ಪ್ರತಿನಿಧಿ ಒಬ್ಬನೇ ಕಂಬ ತಬ್ಬಿಕೊಂಡಿದ್ದ.

"ಮೊದಲ ಕಾಫಿ ಯಾವಾಗ್ಲೂ ಅವರಿಗಲ್ವಾ? ಮೇಲೆ ತಕೊಂಡು ಹೋಗ್ಲಾ?" ಲೂಸಿ ಕೇಳಿದಳು.

ಜಲಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇಕಾದ್ರೆ ಇಳಿದು ಬರ್ಲಿ."