ಈ ವಾರದ ಹೂವು

"ಈ ವಾರದ ಹೂವು, ಸಭೆಯ ಎಲ್ಲರ ಪ್ರೀತಿಯೊಂದಿಗೆ, ಕಾಲುವೆ ಬದಿಯ ಗೆಸೀನಾ ಅಜ್ಜಿಯ ಮನೆಯಲ್ಲಿರುವ ನಮ್ಮ ಫೆನ್ನಾಗೆ" ಎಂದುಬಿಟ್ಟಳು ಯಾಂಟಿನಾ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರತಿ ಭಾನುವಾರ ಚರ್ಚಿನ ಹೂಗುಚ್ಛ ಯಾರಿಗೆ, ಯಾವ ಮನೆಗೆ ಎಂದು ಸಾರಿ ಸಾರಿ ಪಳಗಿದ ನಾಲಿಗೆ ಇವತ್ತೂ ಮನೆಯನ್ನು ಬಿಡದೆ ಹೇಳಿತ್ತು.

ಆ ಮನೆ ಹುಡುಕಿದ್ದು ಅವಳೇ. ಗಂಡನ ಏಟಿಗೆ ಕೈ ಮುರಿದುಕೊಂಡು ಬಂದ ಫೆನ್ನಾಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ ಕರೆದೊಯ್ದವಳೂ ಅವಳೇ. "ಒಂದು ನರಪಿಳ್ಳೆಗೂ ಗೊತ್ತಾಗಲ್ಲ ಕಣಮ್ಮ" ಎಂದು ಮಾತು ಕೊಟ್ಟಿದ್ದಳು. ಊರಿಗೆಲ್ಲ ಫೆನ್ನಾಗೆ ಹುಷಾರಿಲ್ಲ ಎಂದಷ್ಟೇ ಗೊತ್ತು. ಕಿಟಕಿಯ ಪರದೆ ಸರಿಸಲೂ ಹೆದರುವ ಆ ಹುಡುಗಿಗೆ ನಾಲ್ಕು ಹೂವಾದರೂ ಸಿಗಲಿ ಎಂಬುದೊಂದೇ ಆಸೆ. ಸುಮ್ಮನೆ ಒಯ್ದು ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?

ಮೂರನೆಯ ಸಾಲಿನಿಂದ ಫೆನ್ನಾಳ ಗಂಡ ಬೆರೆಂಡ್ ಎದ್ದು ಬಂದ. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಕೀರ್ತನೆಯ ಪುಸ್ತಕ. "ಕೊಡಿ ಅಮ್ಮ, ನಾನೇ ತಲುಪಿಸ್ತೀನಿ" ಎಂದು ಕೈ ಚಾಚಿದ.

"ಹೆಂಡ್ತಿ ಅಂದ್ರೆ ಎಷ್ಟು ಅಕ್ಕರೆ ನೋಡೇ" ಎಂದು ಮುಂದಿನ ಸಾಲಿನ ಮುದುಕಿ ಪಕ್ಕದವಳ ಕಿವಿಯಲ್ಲಿ ಹೇಳಿದಳು.

ಯಾಂಟಿನಾ ಹೂಗುಚ್ಛವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಟುಲಿಪ್ ಹೂಗಳ ದಂಟು ಮುರಿದದ್ದು ಅವಳಿಗೆ ಕೇಳಿಸಿತು. "ಬೇಡಪ್ಪ, ನಾನೇ ಕೊಟ್ಟು ಬರ್ತೀನಿ."

"ಪರವಾಗಿಲ್ಲ, ಇಟ್ಕೊಳ್ಳಿ" ಎಂದು ಬೆರೆಂಡ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಯವಾಗಿ ನಕ್ಕ. "ನಾನು ಬರಿಗೈಲೇ ಹೋಗ್ತೀನಿ."